ಶಿವಣ್ಣನಿಗೆ ಇಟ್ಟ ಎಡೆ

ಚಂದನಾ, ಮನು, ಸಾಂಬ್ರಾಣಿ ಹೊಗೆ ಎದ್ದರೆ ನಾನೇಕೆ ಹೊರಗೆ ಹೋಗುತ್ತೇನೆಂದು ಕೇಳುತ್ತೀರಲ್ಲ, ಬರೆದು ಹೇಳುತ್ತೇನೆ.

ನಾನಾಗ ನಮ್ಮೂರು ಮಧುರೆಯಲ್ಲಿ ಒಂಬತ್ತನೇ ತರಗತಿ. ದೊಡ್ಡಮ್ಮನ ಮಗ ಶಿವಣ್ಣ ಪಾಕಿಸ್ತಾನದ ಯುದ್ಧಕ್ಕೆ ಹೋದವನು ಪತ್ತೆಯಾಗಿರಲಿಲ್ಲ. ವರ್ಷ ಕಾದ ತಾತ, ಆ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರ ಜೊತೆ ಅವನಿಗೂ ಎಡೆ ಇಡಿಸಿದರು. ಬಾಳೆಲೆಯಲ್ಲಿ ಅವನಿಷ್ಟದ ವಡೆ, ಪಕ್ಕದಲ್ಲಿ ಗಂಜಿ ಬಿಡದ ಹೊಸ ಪಂಚೆ. ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ನಾವೆಲ್ಲ ಜಗಲಿಯಲ್ಲಿ ಕುಳಿತೆವು. ಮಟಮಟ ಮಧ್ಯಾಹ್ನ. ಒಂದು ಕಾಗೆಯೂ ಕೂಗಲಿಲ್ಲ.

ಹಿಂದಿನ ದಿನವಷ್ಟೇ ನಮ್ಮ ಮೇಷ್ಟ್ರು ಭೂಪಟ ತೂಗುಹಾಕಿ, ಪುಸ್ತಕದಲ್ಲಿ ಇನ್ನೂ ಬಾರದ ತಾಷ್ಕೆಂಟ್ ಒಪ್ಪಂದದ ಪಾಠ ಮಾಡಿದ್ದರು. "ಬರ್ಕೊಳ್ರೋ, ಪರೀಕ್ಷೆಗೆ ಬರ್ತದೆ" ಎಂದಿದ್ದರು. ನಾನು ದೊಡ್ಡಮ್ಮನ ಕಿವಿಯಲ್ಲಿ, "ಸೆರೆ ಸಿಕ್ಕೋರನ್ನ ಎರಡೂ ಕಡೆಯೋರು ವಾಪಸ್ ಕಳಿಸ್ಬೇಕಂತೆ. ಸಹಿ ಹಾಕವ್ರಂತೆ" ಎಂದೆ.

"ಅಯ್ಯೋ, ಬದುಕಿರೋನಿಗೆ ಎಡೆ ಇಟ್ಬಿಟ್ನಲ್ಲೇ!" ದೊಡ್ಡಮ್ಮ ದಡಕ್ಕನೆ ಎದ್ದಳು.

"ಅವ್ರು ಉಣ್ಣೋವಾಗ ಬಾಗಿಲು ತೆಗೀಬಾರ್ದು ಕಣಮ್ಮಿ!" ತಾತ ಕೂಗಿದರು.

ಮಗನ ಎಲೆ ಎತ್ತಿಬಿಡಲೆಂದು ಅವಳು ಬಾಗಿಲು ತಳ್ಳಿದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ನಿಂತಿದ್ದೆ. ಸಾಂಬ್ರಾಣಿ ಹೊಗೆಯೊಳಗೆ ಹಿರಿಯರ ಎಲೆಗಳು ಇಟ್ಟಂತೆಯೇ ಇದ್ದವು. ಶಿವಣ್ಣನ ಎಲೆಯಲ್ಲಿ ಅರ್ಧ ವಡೆ ಇರಲಿಲ್ಲ. ಪಂಚೆಯ ಮಡಿಕೆ ಬಿಚ್ಚಿತ್ತು.

ದೊಡ್ಡಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಸದ್ದಾಗದಂತೆ ಬಾಗಿಲೆಳೆದು, "ಉಣ್ಲಿ ಬಿಡವ್ವ" ಎಂದಳು.

ಮಕ್ಕಳೇ, ಶಿವಣ್ಣ ಮರಳಲೇ ಇಲ್ಲ; ನಮ್ಮೂರಲ್ಲಿ ಅವನ ಹೆಸರನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ.