ಪರೀಕ್ಷೆಗೆ ಬಾರದ ಅಧ್ಯಾಯ

ಸಹೃದಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯದಲ್ಲಿ ಒಂದು ಪುಟದಷ್ಟನ್ನು ಮಾತ್ರ ಯಾಚಿಸಿ, ಕಥಾನಾಯಕರನ್ನು ನೇರವಾಗಿ ಸಾರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿಯೇ ತಮ್ಮ ಮುಂದೆ ನಿಲ್ಲಿಸುತ್ತಿದ್ದೇನೆ. ಮೆಟ್ಟಿಲು ಹತ್ತಿದ ಏದುಸಿರು ಅವರಿಗಿನ್ನೂ ತಗ್ಗಿಲ್ಲ.

ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಈ ಮೇಷ್ಟ್ರು ಬಂದದ್ದು ನದಿಯ ಸರ್ಕಾರಿ ದೋಣಿಯ ಸಲುವಾಗಿ. ಮುಂದಿನ ತಿಂಗಳಿಂದ ಅದು ನಿಲ್ಲುವುದೆಂದು ದಡದ ಕಂಬಕ್ಕೆ ನೋಟೀಸು ಅಂಟಿಸಿದ್ದರು. ಆಚೆ ದಡದಲ್ಲಿ ಮೇಷ್ಟ್ರ ಅಕ್ಕನ ಮನೆ. ನಾಲ್ಕರ ದೋಣಿಗೆ ಇವರು ಪತ್ರಿಕೆ ಮಡಚಿಕೊಂಡು ಹೋಗುವುದು, ಇಬ್ಬರೂ ಕೂತು ಪದಬಂಧ ತುಂಬುವುದು, ತುಂಬುತ್ತ ಜಗಳವಾಡುವುದು, ಆರರ ದೋಣಿಗೆ ಇವರು ಮುಖ ಊದಿಸಿಕೊಂಡು ಮರಳುವುದು, ಇದು ಹನ್ನೊಂದು ವರ್ಷಗಳ ದಿನಚರಿ. ಅಕ್ಕನ ಕಣ್ಣು ಮಂಜಾಗಿತ್ತು, ಪದಭಂಡಾರ ಮಂಜಾಗಿರಲಿಲ್ಲ. ತಮ್ಮನದು ಇದಕ್ಕೆ ತಿರುಗುಮುರುಗು. ಸೇತುವೆ ಬಳಸಿ ಹೋಗಬೇಕಾದರೆ ಎರಡು ಬಸ್ಸು, ಮೂರು ಗಂಟೆ. ಅಷ್ಟು ಹೊತ್ತು ಕುಲುಕಿಸಿಕೊಂಡು ಹೋದ ಮೇಲೆ ಜಗಳವಾಡಲು ತ್ರಾಣವೆಲ್ಲಿ ಉಳಿದೀತು?

ಮೇಜಿನಾಚೆಯ ನಿರ್ದೇಶಕ ಅವರದೇ ಶಿಷ್ಯ. ತರಗತಿಯಲ್ಲಿ ಎಲ್ಲರೂ ಅವನನ್ನು ‘ಫಸ್ಟ್ ಬೆಂಚು’ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ಮೇಷ್ಟ್ರನ್ನು ಕಂಡದ್ದೇ ತಡ, ಅರ್ಧ ತಲೆ ನರೆತ ಆ ಅಧಿಕಾರಿ ದಿಗ್ಗನೆ ಎದ್ದು ನಿಂತವನು ಅವರು ಕೂರುವವರೆಗೂ ಕೂರಲಿಲ್ಲ. ಅವರ ಮಂಡಿನೋವು ವಿಚಾರಿಸಿದ, ಫ್ಯಾನನ್ನು ಅವರ ಕಡೆಗೆ ತಿರುಗಿಸಿದ. ಬಂದ ವಿಷಯ ತಿಳಿದ ಮೇಲೆ ಮಾತ್ರ ಅವನ ಮುಖ ಸಣ್ಣಗಾಯಿತು.

“ದೋಣಿ ಬೇಕು ಅಂತ ಜನ ಅಂತಾರೆ ಸಾರ್, ನಾನು ಇಲ್ಲ ಅನ್ನಲ್ಲ. ಆದ್ರೆ ಅದು ಬಯಕೆ ಅಷ್ಟೆ, ಬೇಡಿಕೆ ಅಲ್ಲ.” ಆಮೇಲೆ ಕಣ್ಣು ಮುಚ್ಚಿ, ಮೇಷ್ಟ್ರ ಧಾಟಿಯಲ್ಲೇ ಒಪ್ಪಿಸಿದ: “ಬೆಲೆ ತೆರುವ ಶಕ್ತಿಯೂ ಸಿದ್ಧತೆಯೂ ಬೆನ್ನಿಗಿಲ್ಲದ ಬಯಕೆ, ಬೇಡಿಕೆ ಎನಿಸಲಾರದು.”

‘ಬಯಕೆ’ ಎಂದಾದ ಮೇಲೆ ಸೀಮೆಸುಣ್ಣವನ್ನು ಮೇಲೆತ್ತಿ ಮೇಷ್ಟ್ರು ತಡೆಯುತ್ತಿದ್ದ ಆ ಅರೆಕ್ಷಣವನ್ನೂ ಅವನು ಬಿಟ್ಟಿರಲಿಲ್ಲ. ಮೇಷ್ಟ್ರ ಎದೆ ಉಬ್ಬಿತು. ತುಟಿಯವರೆಗೂ ಬಂದ ‘ಶಭಾಷ್’ ಅಕ್ಕನ ನೆನಪಾಗಿ ಒಳಗೇ ಉಳಿಯಿತು. ಹೊಲಿಗೆ ಕಾರ್ಖಾನೆಗೆ ದಾಟುವ ಹೆಂಗಸರ ಬಗ್ಗೆ ಹೇಳಿ ನೋಡಿದರು, ಆಸ್ಪತ್ರೆಗೆ ಬರುವ ಬಸುರಿಯರ ಬಗ್ಗೆ ಹೇಳಿ ನೋಡಿದರು. ಒಂದೊಂದಕ್ಕೂ ಶಿಷ್ಯ ಅವರದೇ ನೋಟ್ಸಿನಿಂದ ಉತ್ತರ ಕೊಟ್ಟ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಕಡೆಗೆ ಮನಸ್ಸು ತಡೆಯದೆ, ವಾರಕ್ಕೆರಡು ಸಲ ತನ್ನ ಸ್ವಂತ ಕಾರು ಕಳಿಸುವುದಾಗಿ ಹೇಳಿದ.

“ಪದಬಂಧ ದಿನಾ ಬರುತ್ತಲ್ಲಪ್ಪ,” ಎಂದರು ಮೇಷ್ಟ್ರು. “ಅಲ್ದೆ, ಆ ಹೆಂಗಸರೆಲ್ಲ ನಿನ್ನ ಕಾರಲ್ಲಿ ಹಿಡೀತಾರಾ?”

ಶಿಷ್ಯ ತಲೆ ತಗ್ಗಿಸಿದ. ಆಗ ಮೇಷ್ಟ್ರ ಕಣ್ಣಿಗೆ ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಕಂದು ರಟ್ಟಿನ ಪುಸ್ತಕವೊಂದು ಬಿತ್ತು. ತಾವು ತರಗತಿಯಲ್ಲಿ ಪಾಠ ಹೇಳುತ್ತಿದ್ದ ಅದೇ ಪಠ್ಯಪುಸ್ತಕ. ಯಾವ ವರ್ಗಾವಣೆಯಲ್ಲೂ ಅದನ್ನು ಬಿಟ್ಟು ಬಂದಿಲ್ಲವೆಂದು ಶಿಷ್ಯ ಹೆಮ್ಮೆಯಿಂದ ಕೆಳಗಿಳಿಸಿ ಕೊಟ್ಟ. ಪುಟಪುಟಕ್ಕೂ ಕೆಂಪು ಗೆರೆ, ಅಂಚಿನಲ್ಲಿ ಇರುವೆಸಾಲಿನಂಥ ಅಕ್ಷರ. ಕೊನೆಯ ಹದಿನಾರು ಪುಟ ಮಾತ್ರ ಅಚ್ಚಿನ ಮನೆಯಿಂದ ಬಂದ ಹಾಗೆಯೇ, ಅಂಚು ಕತ್ತರಿಸದೆ, ಮಡಿಕೆ ಬಿಚ್ಚದೆ ಇದ್ದವು. ಮೇಷ್ಟ್ರು ಮಡಿಕೆಯನ್ನು ಬೆರಳಿನಿಂದ ಅಗಲಿಸಿ ಒಳಗೆ ಇಣುಕಿದರು: ‘ಮಾರುಕಟ್ಟೆ ಸೋಲುವ ಸಂದರ್ಭಗಳು’, ಲಾಭವಿಲ್ಲದಿದ್ದರೂ ಜನಕ್ಕೆ ಬೇಕಾದದ್ದನ್ನು ಸರ್ಕಾರವೇ ಏಕೆ ನಡೆಸಬೇಕೆಂದು ಹೇಳುವ ಅಧ್ಯಾಯ.

ಮೂವತ್ತೊಂದು ವರ್ಷ, ಪರೀಕ್ಷೆಗೆ ಹದಿನೈದು ದಿನವಿರುವಾಗ, ಪೋರ್ಷನ್ ಮುಗಿಸುವ ಧಾವಂತದಲ್ಲಿ ಈ ಅಧ್ಯಾಯದ ಬುಡಕ್ಕೆ ಬಂದು ಅವರು ಪುಸ್ತಕ ಮುಚ್ಚಿದ್ದರು. ಆ ಬೆಂಚುಗಳಿಂದ ಎದ್ದುಹೋದವರು ಈಗ ಎಷ್ಟೆಷ್ಟು ಮಹಡಿಗಳಲ್ಲಿ, ಎಂಥೆಂಥ ಕಡತಗಳ ಮುಂದೆ ಕೂತಿದ್ದಾರೋ! ಮೇಷ್ಟ್ರಿಗೆ ಫ್ಯಾನಿನ ಎದುರಿಗೂ ಸಣ್ಣಗೆ ಬೆವರಿತು. ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಕೇಳಿ ಪಡೆದು, ಮಡಿಕೆಗೆ ತೂರಿಸಿ, ಒಂದೊಂದೇ ಪುಟವನ್ನು ಸೀಳತೊಡಗಿದರು.

“ಅದು ಪರೀಕ್ಷೆಗೆ ಬರಲ್ಲ, ಬಿಡಿ ಅಂದಿದ್ರಲ್ಲ ಸಾರ್?”

“ಬಂತಲ್ಲಪ್ಪ ಈಗ.”

ಹೊರಗೆ ಕಾಯುತ್ತಿದ್ದವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಇಣುಕಿದ ಜವಾನನಿಗೆ ಕಂಡದ್ದಿಷ್ಟು: ಮುದುಕರೊಬ್ಬರು ಕಿಟಕಿಯ ಬಳಿ ನಿಂತು, ಇಲ್ಲದ ಸೀಮೆಸುಣ್ಣಕ್ಕಾಗಿ ಜೇಬು ತಡಕುತ್ತಿದ್ದಾರೆ, ಸಾಹೇಬರು ಬೆನ್ನು ನೆಟ್ಟಗೆ ಮಾಡಿ, ಬಿಳಿಯ ಹಾಳೆಗೆ ಎಡಗಡೆ ಗೆರೆ ಎಳೆದುಕೊಂಡು ಕಾಯುತ್ತಿದ್ದಾರೆ. ದೋಣಿ ನಿಲ್ಲಿಸುವ ಅಂತಿಮ ಆದೇಶದ ಕಡತ ಪಕ್ಕಕ್ಕೆ ಸರಿದಿದೆ. ಈ ಅಧ್ಯಾಯ ಮುಗಿಯುವವರೆಗೂ ಅದಕ್ಕೆ ಸಹಿ ಹಾಕುವುದಿಲ್ಲವೆಂದು ಶಿಷ್ಯ ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತು.

ಇದೆಲ್ಲ ನಡೆದು ಐದು ತಿಂಗಳಾಯಿತು. ಇಗೋ ನಾಲ್ಕರ ದೋಣಿ ಬಂತು; ಈ ಕಥೆಯ ಹಾಳೆಗಳನ್ನು ಚೀಲಕ್ಕೆ ತುರುಕಿ, ದಾರ ಬಿಗಿದು ನಾನೂ ಹತ್ತುತ್ತಿದ್ದೇನೆ. ಹೊಲಿಗೆ ಕಾರ್ಖಾನೆಯ ಹೆಂಗಸರು ಸರಿದು ಜಾಗ ಕೊಟ್ಟರು. ಎದುರಿಗೆ ಮೇಷ್ಟ್ರು, ತೊಡೆಯ ಮೇಲೆ ಮಡಚಿದ ಪತ್ರಿಕೆ. ಪಾಠ ಎಲ್ಲಿಯವರೆಗೆ ಬಂತೆಂದು ಅಂಬಿಗ ವಿಚಾರಿಸಿದ.

“ಎರಡನೇ ಪುಟ,” ಎಂದರು, ಪೋರ್ಷನ್ ಮುಗಿಸಲು ಜನ್ಮವಿಡೀ ಓಡಿದ ಆ ಮನುಷ್ಯ. “ನಿಧಾನವಾಗಿ ಮಾಡ್ತಿದ್ದೀನಿ.”