ಮೂವತ್ತನೇ ಬಾಟಲಿ

ಮಧ್ಯಾಹ್ನ 3.05. ಶಬನಂ ಫೋನಿಗೆ ಮೂವತ್ತನೇ ಆರ್ಡರ್ ಬಂತು.

‘ಒಂದು ಮೋಕಾ. ಬೈ-ಟು. ಚಾಕೊಲೇಟ್ ಮುಂದ ಇರಲಿ. ಗ್ಲಾಸ್ ಬ್ಯಾಡ.’

ಕಳಿಸಿದವನು ಟೈಲರ್ ಸುಂಕಪ್ಪ. ಇಪ್ಪತ್ತೊಂಬತ್ತು ದಿನಗಳಿಂದ ಇದೇ ಹೊತ್ತು, ಇದೇ ಮಾತು. ಆದರೆ ಸುಂಕಪ್ಪನಿಗೆ ಸಕ್ಕರೆ ಕಾಯಿಲೆ. ಅವನ ಚಾಗೂ ಸಕ್ಕರೆ ಬೀಳುವುದಿಲ್ಲ ಎಂಬುದು ಸಿರುಗುಪ್ಪದ ಆ ಇಡೀ ಬೀದಿಗೆ ಗೊತ್ತು. ಹಾಗಾದರೆ ಇದನ್ನು ಕುಡಿಯುತ್ತಿರುವವರು ಯಾರು? ಇವತ್ತು ಸಂಜೆಯೊಳಗೆ ಶಬನಂಗೆ ಅದು ಗೊತ್ತಾಗಲೇಬೇಕಿತ್ತು.

ಷರತ್ತು ಹಾಕಿದವರು ಮಾವ ದಸ್ತಗೀರಸಾಬ್. ಅವರ ಹೋಟೆಲಿನಲ್ಲಿ ಮೂವತ್ತೆರಡು ವರ್ಷಗಳಿಂದ ಶುಂಠಿ ಚಾ ಒಂದೇ. ಎಡಮೂಲೆಯ ಬಿಸ್ಕತ್ತಿನ ಕಪಾಟು ತೆಗೆಸಿ ಆ ಜಾಗ ತನಗೆ ಕೊಡಿ, ಕೋಲ್ಡ್ ಕಾಫಿ ಮಾರುತ್ತೇನೆ ಎಂದು ಶಬನಂ ಕೇಳಿದ್ದಳು. ಕೇಳುವ ಮೊದಲು ಒಂದು ಗ್ಲಾಸ್ ಮಾಡಿ ಮುಂದಿಟ್ಟಿದ್ದಳು.

“ಇದೇನವಾ, ಕಷಾಯಕ್ಕ ಬರ್ಫ್ ಹಾಕೀದಿ?” ಎಂದು ಅವರು ಗ್ಲಾಸ್ ದೂರ ಸರಿಸಿದ್ದರು. ಅರ್ಧ ತಾಸಿನಲ್ಲಿ ಗ್ಲಾಸ್ ಖಾಲಿಯಾಗಿತ್ತು. ಬೇವಿನ ಗಿಡದ ಬುಡಕ್ಕೆ ಸುರಿದೆ ಎಂದರು ಅತ್ತೆ ಕುಬ್ರಾಬಿ.

ಆಮೇಲೆ ಷರತ್ತು. “ಈ ಊರಾಗ ಒಬ್ಬರು, ಒಬ್ಬರ ಅಂದ್ರ ಒಬ್ಬರು, ಮೂವತ್ತು ದಿನ ಇದನ್ನ ತಪ್ಪದ ಕುಡೀಲಿ. ಮೂಲಿ ನಿಂದು. ಇಲ್ಲಾಂದ್ರ ಆ ನಿನ್ನ ಕಾಫಿ ಪಾತ್ರಿ ಡಬ್ಬಿಗೆ ಹಾಕಿಡು. ಮತ್ತ, ಕುಡಿಯೋರು ನನ್ನ ಎದುರಿಗೆ ಬರಬೇಕು. ನಿನ್ನ ಗಂಡ ಕುಡಿದ್ರ ನಡಿಯಂಗಿಲ್ಲ.”

ಶಬನಂಗೆ ಸಂಶಯ ಇದ್ದದ್ದು ಆ ಗಂಡನ ಮೇಲೆಯೇ. ದಿನಾ ಬಾಟಲಿ ಒಯ್ಯುತ್ತಿದ್ದವನು ಇಲಿಯಾಸ್. “ಸುಂಕಪ್ಪಣ್ಣ ಒಳಗ ಬಿಡಂಗಿಲ್ಲ, ಬಾಗಲ ಮೊಳಿಗೆ ಹಾಕಿ ಬರ್ತೀನಿ” ಎನ್ನುತ್ತಿದ್ದ. ಸಂಜೆ ಬಾಟಲಿ ತೊಳೆದು ವಾಪಸ್ ಬರುತ್ತಿತ್ತು. ಮುಚ್ಚಳ ತೆಗೆದರೆ ಶುಂಠಿಯ ವಾಸನೆ. ಟೈಲರ್ ಅಂಗಡಿ ಇರುವುದು ಹೋಟೆಲಿನ ಎದುರಿಗೇ, ಅಂಗಡಿಗೆ ನೀರು ಹೋಟೆಲಿನಿಂದಲೇ ಬರುತ್ತದೆ. ಅವಳು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ಇವತ್ತು ಇಲಿಯಾಸ್ ಬೆಳಿಗ್ಗೆಯೇ ಪಂಪ್‌ಸೆಟ್ ರಿಪೇರಿಗೆ ಕುರುಗೋಡಿಗೆ ಹೋಗಿದ್ದ. ಆದರೂ ಆರ್ಡರ್ ಬಂದಿತ್ತು. ಗಿರಾಕಿ ನಿಜವೇ? ಅಥವಾ ಹೇಳಿಟ್ಟು ಹೋಗಿದ್ದನೆ? ಕುಡಿಯುವ ಬಾಯಿ ಅಲ್ಲಿ ಇದ್ದರೆ ಮೂಲೆ ಅವಳದು. ಇಲ್ಲದಿದ್ದರೆ ಪಾತ್ರೆ ಡಬ್ಬಿಗೆ.

ಬಿಸಿಲು ನಲವತ್ತೊಂದು ಡಿಗ್ರಿ. ಕರೆಂಟ್ ಹೋಗಿ ಒಂದು ತಾಸು. ಫ್ರಿಜ್‌ನಲ್ಲಿ ಎಂಟೇ ಐಸ್ ತುಂಡು ಉಳಿದಿದ್ದವು, ಅವುಗಳ ಅಂಚೂ ಕರಗಿತ್ತು.

ಅವಳು ಬಳ್ಳಾರಿಯಿಂದ ತಂದ ಕಾಫಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಕೆಳಗೆ ನೀರು, ನಡುವೆ ಕಾಫಿಪುಡಿ. ಕುದಿದ ನೀರು ಪುಡಿ ದಾಟಿ, ಎಸ್‌ಪ್ರೆಸೊದಷ್ಟು ಗಟ್ಟಿ ಕಾಫಿಯಾಗಿ ಮೇಲಕ್ಕೆ ಏರಿತು. ಲೋಟದಲ್ಲಿ ಎರಡು ಚಮಚ ಕೋಕೋ, ಎರಡು ಚಮಚ ಸಕ್ಕರೆ. ಅದಕ್ಕೆ ಸ್ವಲ್ಪವೇ ಬಿಸಿ ಕಾಫಿ ಹಾಕಿ ಕಲಸಿದಳು. ತಣ್ಣನೆಯ ಹಾಲಿಗೆ ನೇರ ಹಾಕಿದರೆ ಕೋಕೋ ಗಂಟುಗಂಟಾಗಿ ತೇಲುತ್ತದೆ. ಉಳಿದ ಕಾಫಿ ಸೇರಿಸಿ, ಲೋಟವನ್ನು ಮಡಕೆಯ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದಳು. ಬಿಸಿಯಲ್ಲೇ ಐಸ್ ಹಾಕಿದ್ದರೆ ಎಂಟೂ ನೀರಾಗುತ್ತಿದ್ದವು.

ಇನ್ನರ್ಧ ಚಮಚ ಕೋಕೋ ಸೇರಿಸಿದ್ದು ಅತ್ತೆಯ ಮಾತು ನೆನಪಾಗಿ. ಮಾವನ ಊಟದ ಕ್ಯಾರಿಯರ್ ಹಿಡಿದು ಹೊರಡುವಾಗ ಕುಬ್ರಾಬಿ ಬಾಗಿಲಲ್ಲಿ ನಿಂತು ಹೇಳಿದ್ದರು: “ಕೊನೀ ದಿನ ಐತಿ, ಚಾಕಲೇಟ್ ಹಾಕಾಕ ಕೈ ಹಿಡೀಬ್ಯಾಡ ನೋಡು. ನಾನು ಸೀರಿ ಫಾಲ್ ಏನಾತು ಕೇಳ್ಕೊಂಡು ಬರ್ತೀನಿ.”

ತಣಿದ ಕಾಫಿ ಬಾಟಲಿಗೆ, ಮೇಲೆ ಹಾಲು, ಐಸ್, ಮುಚ್ಚಳ. ಇಪ್ಪತ್ತು ಸಲ ಕುಲುಕಿದಳು. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಹೊರಟಳು.

3.35. ಮೊದಲು ಹೋಟೆಲಿಗೆ ಹೋದಳು. ಗಿರಾಕಿ ಸಿಕ್ಕರೆ ಮಾವ ಜೊತೆಗಿರಬೇಕು. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಖಾಲಿ ಇತ್ತು.

“ಸಾಹೇಬ್ರು ಜುಬ್ಬಾದ ಅಳತಿ ಕೊಡಾಕ ಹೋಗ್ಯಾರ” ಎಂದ ಚಾ ಮಾಡುವ ಚನ್ನಬಸವರಾಜ.

“ಇನ್ನೂ ಮುಗದಿಲ್ಲೇನು ಆ ಜುಬ್ಬಾ?”

“ಎಲ್ಲಿ ಮುಗೀತೈತಿ? ತಿಂಗಳಾತು, ದಿನಾ ಅಳತಿ. ಹೊಟ್ಟಿ ಒಂದು ಇಂಚ್ ಏರೇತಂತ, ಮೊನ್ನಿ ಮತ್ತ ಬಿಚ್ಚಿ ಹೊಲಿಯಾಕ ಹಚ್ಯಾನ ಸುಂಕಪ್ಪ.”

ಒಳ್ಳೆಯದೇ ಆಯಿತು ಅನ್ನಿಸಿತು ಶಬನಂಗೆ. ಸಾಕ್ಷಿ ಅಲ್ಲೇ ಇದ್ದಾರೆ.

ಅವಳನ್ನು ಕಂಡದ್ದೇ ಸುಂಕಪ್ಪ ಹೊಲಿಗೆ ಯಂತ್ರ ಬಿಟ್ಟು ಬಾಗಿಲಿಗೆ ಅಡ್ಡ ಬಂದ. “ಮೊಳಿಗೆ ಹಾಕಿ ಹೋಗವಾ.”

“ಇವತ್ತು ಹೋಗಂಗಿಲ್ಲ. ಗಿರಾಕಿ ಯಾರು, ಹೇಳ್ರಿ ಸುಂಕಪ್ಪಣ್ಣ.”

“ಹೇಳಿದ್ರ ನನ್ನ ಪುಕ್ಕಟ ಚಾ ಬಂದ್ ಆಗ್ತೈತಿ.”

“ನಮ್ಮ ಮನ್ಯಾಗಿನವರ ಅದಾರೇನು?”

ಸುಂಕಪ್ಪ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಇಲಿಯಾಸ್ ಕುರುಗೋಡಿಗೆ ಹೋಗಿಯೇ ಇಲ್ಲ ಎಂದುಕೊಂಡಳು ಶಬನಂ. ಬಾಟಲಿಯ ಹೊರಗೆ ನೀರು ಇಳಿಯುತ್ತಿತ್ತು. ಒಳಗೆ, ಬಟ್ಟೆ ಹಾಕಿ ನೋಡುವ ಮೂಲೆಯ ಪರದೆಯ ಹಿಂದೆ, ಗ್ಲಾಸಿಗೆ ಗ್ಲಾಸ್ ತಾಗಿದ ಸದ್ದಾಯಿತು. ಅವಳು ಸುಂಕಪ್ಪನನ್ನು ದಾಟಿ ಹೋಗಿ ಪರದೆ ಎಳೆದಳು.

ಎರಡು ಸ್ಟೂಲು. ಎರಡು ಖಾಲಿ ಚಾ ಗ್ಲಾಸು. ಒಂದನ್ನು ಕುಬ್ರಾಬಿ ಸೆರಗಿನಿಂದ ಒರೆಸುತ್ತಿದ್ದರು. ಇನ್ನೊಂದನ್ನು ಹಿಡಿದವರು, ಷರತ್ತಿನಲ್ಲಿ ಹೇಳಿದ್ದಂತೆಯೇ, ದಸ್ತಗೀರಸಾಬರ ಎದುರಿಗೇ ಇದ್ದರು: ಆಳೆತ್ತರದ ಕನ್ನಡಿಯಲ್ಲಿ, ಅವರೇ.

“ಕಪಾಟ ನಾಳಿ ತೆಗಸ್ತೀನಿ” ಎಂದರು ದಸ್ತಗೀರಸಾಬ್, ಕನ್ನಡಿಯಿಂದ ಕಣ್ಣು ತೆಗೆಯದೆ. “ಮೊದಲ ಬಾಟ್ಲಿ ಕೊಡವಾ, ಬರ್ಫ್ ಕರಗತೈತಿ.”

ಜುಬ್ಬಾ ಅವತ್ತು ಸಂಜೆಯೇ ಮುಗಿಯಿತು.