ಗುಂಡಿಯ ಮೇಲಿನ ಸುಣ್ಣ

"ಅತ್ತೆ, ನೀವೇ ಹೇಳಿ. ಮಕ್ಕಳು ಆಡೋ ಆಟಾನಾ ಇದು? ನಾಳೆನೇ ಈ ವಿಡಿಯೋ ಗೇಮ್ ಕ್ಯಾಸೆಟ್ ವಾಪಸ್ ಕೊಟ್ಬಿಡ್ತೀನಿ" ಎಂದು ಕಾಂತರಾಜು ಟಿವಿಯತ್ತ ಕೈತೋರಿಸಿದ. ಅಲ್ಲಿ ಜಪಾನಿ ಕಾರ್ಟೂನಿನ ಮುಳ್ಳುಗೂದಲ ಹುಡುಗನೊಬ್ಬ ಎದುರಾಳಿಯ ಎದೆಗೆ ಕಾಲೆತ್ತಿ ನಿಂತಿದ್ದ.

ಮಗಳು ಹರ್ಷಿತ ಧೈರ್ಯವಾಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಳಿಯ ಮನೆಯಲ್ಲಿದ್ದರೆ ಕದಿರಮ್ಮಜ್ಜಿ ಕದದ ಮರೆ ಬಿಟ್ಟು ಬರುತ್ತಿರಲಿಲ್ಲ. ಆದರೆ ಕುಂದಾಣದಿಂದ ಬಂದಾಗಿನಿಂದ ದಿನಾ ಮಧ್ಯಾಹ್ನ ಮೊಮ್ಮಗಳ ಜೊತೆ ಈ ಆಟ ಆಡುತ್ತಿದ್ದವಳು ಅವಳೇ. ಟಿವಿಯ ಹುಡುಗನಿಗೆ ಕೆಂಚ ಎಂದು ಹೆಸರಿಟ್ಟು, "ಒದಿಯೋ ಕೆಂಚ, ಬಿಡಬ್ಯಾಡ!" ಎಂದು ಕೂಗುತ್ತಿದ್ದಳು. "ನಿಮ್ಮಪ್ಪಂಗೆ ನಾನು ಹೇಳ್ತೀನಿ ಬಿಡವ್ವ" ಎಂದು ಇವತ್ತು ತಾನೇ ಮಾತು ಕೊಟ್ಟಿದ್ದಳು.

ಅಜ್ಜಿ ಸೆರಗು ಹೊದ್ದುಕೊಂಡಳು. "ನೀವು ಹೇಳಿದ್ ಮ್ಯಾಲೆ ಮುಗೀತು ಕಣಪ್ಪ. ಥೂ, ಬರೀ ಹೊಡೆದಾಟ! ಹೆಣ್ಣುಮಗೀಗೆ ಯಾಕೆ ಇದು? ನಾನಂತೂ ಅದ್ರ ಕಡೆ ತಿರುಗೂ ನೋಡಿಲ್ಲ."

ಕಾಂತರಾಜು ಮಗಳ ಕೈಯಲ್ಲಿದ್ದ ಜಾಯ್‌ಸ್ಟಿಕ್‌ಗೆ ಕೈಚಾಚಿದ. ಅದರ ಕೆಂಪು ಗುಂಡಿಯ ಮೇಲೆ, ಎಲೆಗೆ ಹಚ್ಚುವ ಸುಣ್ಣ ಹೆಬ್ಬೆರಳಿನಗಲ ಅಂಟಿಕೊಂಡಿತ್ತು. ಹರ್ಷಿತ ತಲೆಯೆತ್ತಿದಳು. ಒರೆಸಿಬಿಡು ಎಂದು ಅಜ್ಜಿ ಕದದ ಮರೆಯಿಂದ ಕಣ್ಸನ್ನೆ ಮಾಡುತ್ತಿದ್ದಳು.

ಹರ್ಷಿತ ಅದನ್ನು ಹಾಗೇ ಅಪ್ಪನ ಕೈಗಿಟ್ಟಳು.